ಭರಮ ಅವ್ವನ ಪದ ಮೇಲೇರಿಸಿದ್ದು

ಕೈ ಮೆಣಸಿನಕಾಯಿ ಮೇಲಿರಲಿ, ಕಿವಿ ನನ್ನ ಕಡೆ ಇರಲಿ. ತೊಟ್ಟು ಬಿಡಿಸುತ್ತಾ ಕೇಳಿದರೆ ಕತೆಯೇನೂ ಕೆಡುವುದಿಲ್ಲ. ಕಣ್ಣಲ್ಲಿ ನೀರು ಬಂದರೂ ಖಾರದ ಮೇಲೆ ಹಾಕಿಬಿಡಬಹುದು.

ಇದೇ ಪೇಟೆಯಲ್ಲಿ, ಇದೇ ತಾಡಪತ್ರಿಯ ಮೇಲೆ ನನ್ನ ಪಕ್ಕ ಕೂರುತ್ತಿದ್ದ ಬಾಳವ್ವನಿಗೆ ಒಬ್ಬನೇ ಮಗ. ಹೆಸರು ಭರಮಪ್ಪ. ವಯಸ್ಸು ಮೂವತ್ತೆರಡು, ಎತ್ತರ ಆರಡಿ, ಬುದ್ಧಿ ಎಷ್ಟು ಅಂತ ಅಳೆಯಲು ಯಾರೂ ಹೋಗಿಲ್ಲ. ಕೆಟ್ಟವನಲ್ಲ. ಅವ್ವ ಹೇಳಿದ ಮಾತು ಒಂದು ದಿನವೂ ಮೀರಿದವನಲ್ಲ. ಅದೇ ತೊಂದರೆ. ನೀರು ತಾ ಅಂದರೆ ತರುತ್ತಿದ್ದ, ಸಾಕು ಅನ್ನುವವರೆಗೂ ತರುತ್ತಿದ್ದ. ಒಂದು ದಿನ ಬಾಳವ್ವ ಸಾಕು ಅನ್ನಲು ಮರೆತು ಪೇಟೆಗೆ ಬಂದಳು. ಸಂಜೆ ಹೋಗಿ ನೋಡಿದರೆ ಅಡುಗೆಮನೆಯಲ್ಲಿ ಪಾತ್ರೆಗಳು ತೇಲುತ್ತಿದ್ದವು.

"ಮಾತು ಕೇಳದ ಮಕ್ಕಳಿಂದ ಮಂದಿ ಅಳತಾರ ಫಕ್ಕೀರವ್ವ," ಅಂತ ಅವಳು ನನಗೆ ಹೇಳುತ್ತಿದ್ದಳು. "ನಾ ಮಾತು ಕೇಳೋ ಮಗನಿಂದ ಅಳಾಕತ್ತೀನಿ."

ಬಾಳವ್ವ ಪದ ಹಾಡುತ್ತಿದ್ದಳು. ಬಸುರಿಯ ಕುಬಸದ ಪದ, ಬೀಸುವ ಪದ, ತೊಟ್ಟಿಲ ಪದ. ಅವುಗಳಲ್ಲಿ ಎಂಟು ಪದ ಅವಳ ಅವ್ವ ಬೀಸುಕಲ್ಲಿನ ಮುಂದೆ ಕೂರಿಸಿಕೊಂಡು ಕಲಿಸಿದ್ದು. ಆ ಎಂಟು ನಮ್ಮೂರಲ್ಲಿ ಬೇರೆ ಯಾರಿಗೂ ಬರುವುದಿಲ್ಲ. ನನಗೂ ಬರುವುದಿಲ್ಲ. ಇಪ್ಪತ್ತು ವರ್ಷ ಪಕ್ಕದಲ್ಲಿ ಕೂತು ಕೇಳಿದೆ, ನಾಳೆ ಕಲಿತರಾಯಿತು ಅಂದುಕೊಂಡೆ. ಭರಮನನ್ನು ಪೆದ್ದ ಅನ್ನುವ ನಾನೇನು ಮಹಾ ಜಾಣೆ ಅಲ್ಲ.

ಅಂಥವಳ ಗಂಟಲಲ್ಲಿ ಒಂದು ಗಂಟು ಎದ್ದಿತು. ದವಾಖಾನೆಯಲ್ಲಿ ಡಾಕ್ಟರು ಹೇಳಿದರು: ರೇಡಿಯೇಷನ್ ಕರೆಂಟು ಕೊಟ್ಟು ನೋಡೋಣ, ಕರಗಿದರೆ ಸರಿ. ಮತ್ತೆ ಬೆಳೆದರೆ ದನಿಯ ಪೆಟ್ಟಿಗೆಯನ್ನೇ ತೆಗೆಯಬೇಕು. ಜೀವ ಉಳಿಯುತ್ತದೆ, ಮಾತು ಉಳಿಯುವುದಿಲ್ಲ.

ಬಾಳವ್ವ ಅಳಲಿಲ್ಲ. ದವಾಖಾನೆಯಿಂದ ಬಸ್ಸು ಇಳಿದವಳು ನೆಟ್ಟಗೆ ರಾಜೇಸಾಬನ ಅಂಗಡಿಗೆ ಹೋದಳು. ಬಸ್‌ಸ್ಟ್ಯಾಂಡಿನ ಮಗ್ಗುಲಲ್ಲಿ ಮೊದಲು ಕ್ಯಾಸೆಟ್ ಮಾರುತ್ತಿದ್ದನಲ್ಲ, ಅವನೇ. ಈಗ ಒಂದು ಕಂಪ್ಯೂಟರು, ಒಂದು ಮೈಕು, ಗೋಡೆಗೆ ಎರಡು ಹಳೇ ಗಾದಿ ಬಡಿದು ಹಾಡು ರೆಕಾರ್ಡು ಹಿಡಿಯುತ್ತಾನೆ.

"ಸಾಬ, ನಮ್ಮವ್ವನ ಎಂಟು ಪದ ಹಿಡಿದಿಡು," ಅಂದಳು. "ನನ್ನ ದನಿ ಹೋದ ಮ್ಯಾಲೂ ಯಾರರ ಕೇಳಬೇಕು. ಬಾಳವ್ವ ಹಾಡಿದ್ದು ಅನಬೇಕು."

"ನಿನ್ನ ಕಡಿಂದ ರೊಕ್ಕ ಇಸಕೊಂಡ್ರ ನನ್ನ ಮೈಕು ನನಗ ಬೈತೈತಿ," ಅಂದ ರಾಜೇಸಾಬ. "ಹಿಡಿಯೋದು ಸಲೀಸು. ಮಂದಿಗೆ ಮುಟ್ಟಸೋದು ಹೆಂಗಂತ ಕೇಳು. ಈಗ ಎಲ್ಲಾರೂ ಹಾಡು ಕೇಳೋದು ಫೋನಿನ ಆಪಿನಾಗ. ಆ ಆಪಿನವರು ನಮ್ಮಂಥವರ ಕೈಲಿಂದ ನೇರ ತಗೊಳ್ಳಂಗಿಲ್ಲ. ನಡುವ ಒಂದು ಕಂಪನಿ ಇರತೈತಿ. ಪದ ಅದಕ್ಕ ಕೊಟ್ಟರ ಅದು ಎಲ್ಲಾ ಆಪಿಗೂ ಹಂಚತೈತಿ. ಮಂದಿ ಕೇಳಿದಂಗೆಲ್ಲಾ ಚೂರು ಚೂರು ರೊಕ್ಕ ಬರತೈತಿ, ಅದಕ್ಕ ರಾಯಲ್ಟಿ ಅಂತಾರ. ಮನಿಯವರ ಫೋನಿನಿಂದನ ಒಂದು ಫಾರಂ ತುಂಬಬೇಕು. ಮನ್ಯಾಗ ಓದಬರಿಯೋರು ಯಾರದಾರ?"

ಬಾಳವ್ವನಿಗೆ ಅಕ್ಷರ ಬಾರದು. ಮನೆಯಲ್ಲಿ ಏಳನೇ ಇಯತ್ತೆ ಪಾಸಾದವನು ಭರಮ ಒಬ್ಬನೇ. ರಾಜೇಸಾಬ ಭರಮನನ್ನು ಕರೆಸಿ ಬುದ್ಧಿ ಹೇಳಿದ.

"ಫಾರಂ ಏನು ಕೇಳತೈತಿ ಅಷ್ಟ ಬರಿ. ನಿನ್ನ ತಲಿ ಓಡಸಬ್ಯಾಡ."

"ಓಡಸಂಗಿಲ್ಲ," ಅಂದ ಭರಮ. ಓಡಿಸಲೂ ಇಲ್ಲ.

ಫಾರಂ ಕೇಳಿತು: ನಿಮ್ಮ ಹೆಸರು? ಭರಮಪ್ಪ ಅಂತ ಬರೆದ. ನಿಮ್ಮ ಫೋಟೋ? ಮೀಸೆ ತಿರುವಿಕೊಂಡು ತೆಗೆಸಿದ್ದೊಂದು ಇತ್ತು, ಅದನ್ನು ಹಾಕಿದ. ಐದು ದಿನಕ್ಕೆ, ಅಂಗಡಿಯಲ್ಲಿ ಹಿಡಿದ ಮೊದಲ ಪದ ಆಪಿನ ಮೇಲೇರಿತು. ನಾವೆಲ್ಲ ಕೆಲಸ ಬಿಟ್ಟು ಒಂದೇ ಫೋನಿಗೆ ತಲೆ ಕೊಟ್ಟು ಕೂತೆವು. ಏಳು ತಿಂಗಳ ಬಸುರಿ ತವರಿನ ಹಸಿರು ಬಳೆ ಬೇಡುವ ಪದ. ಬಾಳವ್ವನ ದನಿ ಜೇನು ಸುರಿದಂತೆ ಬರುತ್ತಿದೆ, ಫೋನಿನಲ್ಲಿ ನೋಡಿದರೆ ಭರಮನ ಮೀಸೆ. ಕೆಳಗೆ ದೊಡ್ಡ ಅಕ್ಷರ: ಹಾಡಿದವರು ಭರಮಪ್ಪ. ಪೇಟೆಯ ಗಂಡಸರು ಮೂರು ದಿನ ಅವನನ್ನು ನಿಲ್ಲಿಸಿ ಎಷ್ಟನೇ ತಿಂಗಳು ಅಂತ ಕೇಳಿದರು.

"ಹುಚ್ಚಪ್ಯಾಲಿ," ಅಂದಳು ಬಾಳವ್ವ. "ಹಾಡಿದಾಕಿ ನಾನು, ಹೆಸರು ನಿಂದಾ? ಪದದಾಗ ಯಾರ ದನಿ ಕೇಳತೈತಿ ಅವರ ಹೆಸರು ಹಾಕಬೇಕು. ತಿಳೀತೋ?"

"ತಿಳೀತವ್ವ."

ರಾಜೇಸಾಬ ಕಂಪನಿಗೆ ಬರೆದು ಬರೆದು ಹೆಸರು ಸರಿ ಮಾಡಿಸಿದ. ಅಷ್ಟರಲ್ಲಿ ಬಾಳವ್ವನಿಗೆ ಕರೆಂಟು ಕೊಡುವುದು ಶುರುವಾಗಿತ್ತು. ಅಂಗಡಿಯ ತನಕ ನಡೆಯಲು ಆಗುತ್ತಿರಲಿಲ್ಲ. ರಾಜೇಸಾಬನೇ ಮೈಕು ಹೊತ್ತುಕೊಂಡು ಅವಳ ಮನೆಗೆ ಬಂದ. ಒಂದೊಂದು ಪದದ ನಡುವೆಯೂ ನೀರು ಕುಡಿದು, ಉಸಿರು ಹಿಡಿದು ಹಾಡಿದಳು. ಎಂಟೂ ಪೂರ್ತಿಯಾದವು. ನಾನು ಬಾಗಿಲಲ್ಲೇ ಕೂತಿದ್ದೆ, ನೋಡಲಾರದೆ ಎರಡು ಸಲ ಕೆಮ್ಮಿದೆ. ಆ ಕೆಮ್ಮು ನನ್ನನ್ನು ಎಲ್ಲಿಗೆ ಒಯ್ದಿತು ಅಂತ ಕೇಳಿ.

ಮರುದಿನ ಭರಮ ನನ್ನ ಮನೆಗೆ ಬಂದ. ಕೈಯಲ್ಲಿ ಫೋನು.

"ಫಕ್ಕೀರವ್ವ, ನಿಮ್ಮ ಕೆಂಪು ಕೋಳಿ ಹೆಸರೇನು?"

"ಕೋಳಿಗೆ ಎಂಥಾ ಹೆಸರೋ?"

"ಹೆಸರಿಲ್ಲಂದ್ರ ಪಾಲು ಹೆಂಗ ಕೊಡೋದು? ಪದದಾಗ ಅದರ ದನಿ ಐತಿ."

ಇಸಿದುಕೊಂಡು ನೋಡಿದೆ, ನನಗೆ ನಾಲ್ಕು ಅಕ್ಷರ ಬರುತ್ತವೆ. ಹಾಡಿದವರು: ಬಾಳವ್ವ, ಫಕ್ಕೀರವ್ವ, ಉಳ್ಳಾಗಡ್ಡಿ ಮಾರುವ ಗೂಳಪ್ಪ, ಕೋಳಿ. ಗೂಳಪ್ಪ ಆ ಹೊತ್ತಿಗೆ ಓಣಿಯಲ್ಲಿ ಕೂಗುತ್ತಾ ಹೋಗಿದ್ದನಂತೆ. ಯಾರಿಗೆ ಎಷ್ಟು ಪಾಲು ಅಂತ ಫಾರಂ ಕೇಳಿದ್ದಕ್ಕೆ ಭರಮ ಭೇದ ಮಾಡದೆ ನಾಲ್ವರಿಗೂ ಸಮ ಹಂಚಿದ್ದ. ಅವನ ಅಜ್ಜಿ ಬೀಸುತ್ತಾ ಕಲಿಸಿದ ಪದದಲ್ಲಿ ನನ್ನ ಕೋಳಿಗೆ ಕಾಲು ಪಾಲು.

ಬೇಡವೋ ಅಂದೆ. ಅವ್ವ ಹೇಳ್ಯಾಳ ಅಂದ, ಒತ್ತಿಯೇ ಬಿಟ್ಟ. ವಾರಕ್ಕೆ ಕಂಪನಿಯಿಂದ ಉತ್ತರ ಬಂತು: ಪಾಲುದಾರರೆಲ್ಲರ ಒಪ್ಪಿಗೆ ಬೇಕು, ಸಹಿ ಕಳಿಸಿ. ನಾನು ತಲೆ ಚಚ್ಚಿಕೊಂಡು ಸಹಿ ಹಾಕಿದೆ. ಗೂಳಪ್ಪ ಖುಷಿಯಿಂದ ಹಾಕಿದ. ಆಮೇಲೆ ಭರಮ ಸೊಸೈಟಿಯಿಂದ ಹೆಬ್ಬೆಟ್ಟಿನ ಮಸಿಡಬ್ಬಿ ಕಡ ತಂದು, ಮಧ್ಯಾಹ್ನವೆಲ್ಲ ನನ್ನ ಕೋಳಿಯ ಬೆನ್ನು ಹತ್ತಿದ. ಓಣಿಯವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಬಾಳವ್ವ ಕರೆಂಟು ಕೊಡಿಸಿಕೊಂಡು ಬಂದು ಗೋಡೆ ಹಿಡಿದು ನಿಂತಿದ್ದಳು, ಅವಳು ನಗಲಿಲ್ಲ.

"ಭರಮ್ಯಾ," ಅಂದಳು, "ಪದ ನಮ್ಮವ್ವಂದು. ಕೋಳಿಗೆ ಬರದು ಕೊಡಾಕ ಬಂದೇನೋ ನೀನು? ಬರಿಯೋದು ಬಿಡು, ಸಾಬ ಬರೀತಾನ. ನೀ ಹೋಗಿ ಮಂದಿಗೆ ಪದ ಕೇಳಸು. ಅರ್ಧ ನಿಮಿಷ ಕೇಳಿದರ ಕಂಪನಿ ಲೆಕ್ಕಕ್ಕ ಹಿಡೀತೈತಂತ. ಅರ್ಧ ನಿಮಿಷರ ಕೇಳಸು. ತಿಳೀತೋ?"

"ತಿಳೀತವ್ವ."

ಮರುದಿನದಿಂದ ಭರಮ ಬಸ್‌ಸ್ಟ್ಯಾಂಡಿನಲ್ಲಿ ನಿಂತ. ಒಂದು ಕೈಯಲ್ಲಿ ಫೋನು, ಇನ್ನೊಂದು ಕೈಯಲ್ಲಿ ಗಡಿಯಾರ. ಸಿಕ್ಕವರ ಕಿವಿಗೆ ಫೋನು ಹಿಡಿಯುವನು, ಅರ್ಧ ನಿಮಿಷ ಆದ ಕೂಡಲೇ ಕಸಿದುಕೊಳ್ಳುವನು. "ಆತು, ಲೆಕ್ಕಕ್ಕ ಬಂತು. ಮುಂದಿನವರು ಬರ್ರಿ." ಪದದ ಮೊದಲ ಸಾಲು ಇಡೀ ತಾಲೂಕಿಗೆ ಬಾಯಿಪಾಠವಾಯಿತು. ಎರಡನೇ ಸಾಲು ಯಾರಿಗೂ ಗೊತ್ತಿಲ್ಲ.

ಒಂದು ದಿನ ಒಬ್ಬ ಮುದುಕಿ, ಯಾವೂರವಳೋ ಏನೋ, ಬಸ್ಸಿಗೆ ಕಾಯುತ್ತಾ ಕೂತಿದ್ದಳು. ಅವಳ ಕಿವಿಗೂ ಹಿಡಿದ. ಮುದುಕಿ ಮೊದಲ ಸಾಲು ಕೇಳಿದವಳು ಹಾಗೇ ಕಣ್ಣೀರು ಹಾಕಿದಳು. ಬಾಯಲ್ಲಿ ತಾನೂ ಸಣ್ಣಗೆ ಹಾಡತೊಡಗಿದಳು. ಅಷ್ಟರಲ್ಲಿ ಅರ್ಧ ನಿಮಿಷ ಆಯಿತು.

"ಇನ್ನೊಂದು ಸಾಲು ಕೇಳಸೋ ಎಪ್ಪಾ," ಅಂದಳು ಮುದುಕಿ. "ಮುಂದಿಂದು ಮರತೇನಿ. ನಮ್ಮವ್ವ ಹಾಡತಿದ್ಲು."

"ಲೆಕ್ಕಕ್ಕ ಬಂದೈತಬೇ," ಅಂದ ಭರಮ. ಬಸ್ಸು ಬಂತು, ಮುದುಕಿ ಹೋದಳು.

ಇದನ್ನು ಅವನು ಮನೆಗೆ ಬಂದು ಸಂತೋಷದಿಂದಲೇ ಹೇಳಿದ. ಆ ಪದ ಬಲ್ಲ ಇನ್ನೊಬ್ಬಳು ಭೂಮಿಯ ಮೇಲೆ ಇದ್ದಳು, ಅಂಥವಳನ್ನು ಇವನು ಬಸ್ಸು ಹತ್ತಿಸಿ ಕಳಿಸಿದ್ದ. ಊರೂ ಕೇಳಿಲ್ಲ, ಹೆಸರೂ ಕೇಳಿಲ್ಲ. ಬಾಳವ್ವ ನನ್ನ ಹೆಗಲು ಹಿಡಿದು ಹೋಗಿ, ನಾಲ್ಕು ದಿನ ಬಸ್‌ಸ್ಟ್ಯಾಂಡಿನಲ್ಲಿ ಕೂತು ಹಾದಿ ನೋಡಿದಳು. ಮುದುಕಿ ಮತ್ತೆ ಬರಲಿಲ್ಲ.

"ನಿನ್ನಂಥವನ್ನ ಹಡೆಯೋ ಬದಲು ಒಂದು ಕಲ್ಲು ಹಡದಿದ್ರ ಖಾರಾನರ ಅರೀತಿದ್ದೆ," ಅಂತ ಬೈದಳು. "ಪದ ಬೇಕು ಅಂದವರಿಗೆ ಎಂದೂ ಇಲ್ಲ ಅನಬ್ಯಾಡ. ಪೂರಾ ಕೊಡು. ತಿಳೀತೋ?"

"ತಿಳೀತವ್ವ."

ನಡುವೆ ಒಂದು ಒಳ್ಳೆಯ ದಿನವೂ ಬಂತು, ಅದನ್ನೂ ಹೇಳಬೇಕು. ಮೊದಲ ರಾಯಲ್ಟಿ ಬಂತು. ಇಪ್ಪತ್ತೇಳು ರೂಪಾಯಿ. ಬಾಳವ್ವ ಫೋನನ್ನು ದೇವರ ಜಗುಲಿ ಮೇಲಿಟ್ಟು ಕುಂಕುಮ ಹಚ್ಚಿದಳು. "ನಮ್ಮವ್ವ ಆಯುಷ್ಯ ಪೂರಾ ಹಾಡಿದ್ಲು, ಯಾರೋ ಕೊಟ್ಟ ಒಂದು ಕುಬಸದ ಖಣ ಬಿಟ್ಟರ ಏನೂ ಕಾಣಲಿಲ್ಲ," ಅಂದಳು. "ಸತ್ತು ನಲವತ್ತು ವರ್ಷಕ್ಕ ಆಕಿಗೆ ಪಗಾರ ಬಂತು ನೋಡು." ಅಷ್ಟೂ ರೊಕ್ಕಕ್ಕೆ ಬೆಲ್ಲ ತರಿಸಿ ಪೇಟೆಯವರಿಗೆಲ್ಲ ಹಂಚಿದಳು. ನನಗೆ ದೊಡ್ಡ ಚೂರೇ ಕೊಟ್ಟಳು.

ಬೆಲ್ಲದ ರುಚಿ ಬಾಯಲ್ಲಿರುವಾಗಲೇ ಜೀಪಿನಲ್ಲಿ ಒಬ್ಬ ಬಂದ. ಕಪ್ಪು ಕನ್ನಡಕ, ಕೊರಳಲ್ಲಿ ಸರ, ಯಾವುದೋ ಆರ್ಕೆಸ್ಟ್ರಾದವನಂತೆ. ಭರಮನ ಹೆಗಲ ಮೇಲೆ ಕೈ ಹಾಕಿ, "ನಿಮ್ಮ ತಾಯಿಯವರ ಪದ ಬೇಕಾಗಿದ್ದವು," ಅಂದ. ಬೇಕು ಅಂದವರಿಗೆ ಇಲ್ಲ ಅನ್ನಬಾರದು. ಪೂರಾ ಕೊಡಬೇಕು. ಭರಮ ಎಂಟೂ ಪದ ಇದ್ದ ಮೆಮೊರಿ ಕಾರ್ಡನ್ನು ಫೋನಿನಿಂದ ಕಿತ್ತು ಅವನ ಅಂಗೈಯಲ್ಲಿಟ್ಟ. ಚಹಾನೂ ಕುಡಿಸಿ ಕಳಿಸಿದ.

ತಿಂಗಳೊಳಗೆ ಅದೇ ಪದ, ಅದೇ ದನಿ, ಹಿಂದೆ ಢಂ ಢಂ ಅಂತ ಬಾಜಾ ಸೇರಿ ಆಪಿನಲ್ಲಿ ಬಂತು, ಹೆಸರು ಜೀಪಿನವನದು. ಅದು ಹಾಳಾಗಲಿ. ಕಂಪನಿಯ ಯಂತ್ರ ಎರಡನ್ನೂ ಹೋಲಿಸಿ ನೋಡಿ, ಬಾಳವ್ವನೇ ಕಳ್ಳಿ ಅಂತ ತೀರ್ಮಾನಿಸಿ ಅವಳ ಎಂಟೂ ಪದ ಕೆಳಗಿಳಿಸಿತು. ಹಾಡಿದವಳು ಕಳ್ಳಿ, ಕದ್ದವನು ಒಡೆಯ.

ರಾಜೇಸಾಬ ಹದಿನೈದು ದಿನ ಅಂಗಡಿಯ ಬೇರೆ ಕೆಲಸ ಬಿಟ್ಟ. ತನ್ನ ಕಂಪ್ಯೂಟರಿನಲ್ಲಿದ್ದ ಮೂಲ, ಅದರ ತಾರೀಖು ಎಲ್ಲ ತೋರಿಸಿ, ಜೀಪಿನವನದು ಇಳಿಸಿ ಬಾಳವ್ವನ ಪದ ಮತ್ತೆ ಮೇಲೇರಿಸಿದ. ಜೀಪಿನವನ ಊರಿಗೇ ಹೋಗಿ ಎದುರಿಗೆ ಕೂತು ಕಾರ್ಡು, ಅವನ ಹತ್ತಿರವಿದ್ದ ನಕಲು ಎಲ್ಲ ಅಳಿಸಿ ಬಂದ.

ಬಾಳವ್ವನ ದನಿ ಆಗಲೇ ಒಡೆದಿತ್ತು. ಗಂಟು ಮತ್ತೆ ಬೆಳೆದಿತ್ತು, ಆಪರೇಷನ್ನಿಗೆ ದಿನವೂ ಗೊತ್ತಾಗಿತ್ತು. ಆ ಒಡಕು ದನಿಯಲ್ಲೇ ಬೈದಳು.

"ಪದಾನ ಕಂಡಕಂಡಲ್ಲಿ ಚೆಲ್ಲತೀಯೇನೋ? ಕಂಪನ್ಯಾಗ ಅದಾವ, ಅಲ್ಲೇ ಭದ್ರ ಇರಲಿ. ಬ್ಯಾರೆ ಎಲ್ಲೂ ಒಂದು ಚೂರೂ ಇರಬಾರದು. ತಿಳೀತೋ?"

"ತಿಳೀತವ್ವ."

ಅವನ ಮುಖ ನೋಡಿ ನನಗೆ ಅವತ್ತೇ ಅನುಮಾನ ಬಂತು. ಹೇಳಬೇಕಿತ್ತು, ಹೇಳಲಿಲ್ಲ. ಭರಮ ಮೊದಲು ತನ್ನ ಫೋನಿನೊಳಗೆ ಉಳಿದಿದ್ದ ನಕಲು ಅಳಿಸಿದ. ನನ್ನ ಫೋನು ಇಸಿದುಕೊಂಡು, ಯಾರಾದರೂ ಫೋನು ಮಾಡಿದರೆ ಹಾಡುತ್ತಿದ್ದ ಎರಡು ಸಾಲು ಅಳಿಸಿದ. ಆಮೇಲೆ ರಾಜೇಸಾಬ ಚಹಾಕ್ಕೆ ಹೋದ ಹೊತ್ತು ನೋಡಿ ಅಂಗಡಿಗೆ ಹೊಕ್ಕ. ಬಾಳವ್ವನ ಹೆಸರಿದ್ದ ಕಡತ ಹುಡುಕಿ ಅಳಿಸಿದ. ಪಕ್ಕದಲ್ಲಿ ಇನ್ನೊಂದು ಡಬ್ಬಿಯಲ್ಲಿ ನಕಲು ಇತ್ತು, ಅದನ್ನೂ ಬಿಡಲಿಲ್ಲ. ಮನೆ ಗುಡಿಸಿದಷ್ಟು ಶುದ್ಧವಾಗಿ ಗುಡಿಸಿ, ಬಾಗಿಲು ಎಳೆದುಕೊಂಡು ಬಂದ.

ರಾಜೇಸಾಬ ಬಂದು ಬಾಳವ್ವನ ಹೊಸ್ತಿಲ ಮೇಲೆ ಕೂತ.

"ಮೂಲ ಹೋತವ್ವಾ," ಅಂದ. "ಇನ್ನ ಕಂಪನ್ಯಾಗ ಇದ್ದದ್ದಷ್ಟ. ಅಲ್ಲಿಂದ ತಿರುಗಿ ಇಳಿಸಿಕೊಳ್ಳಾಕ ಬರಂಗಿಲ್ಲ."

ಬಾಳವ್ವ ಎದ್ದು ಗೋಡೆಗೆ ಒರಗಿ ಕೂತಳು. ಮತ್ತೆ ಹಿಡಿ ಅಂತ ಸನ್ನೆ ಮಾಡಿದಳು. ರಾಜೇಸಾಬ ಫೋನು ಮುಂದೆ ಹಿಡಿದ. ಬಳೆಯ ಪದ ಎತ್ತಿದಳು. ಒಂದು ಸಾಲು ಗರಗಸದಂತೆ ಬಂತು, ಎರಡನೆಯದು ಬರೀ ಗಾಳಿ. ರಾಜೇಸಾಬ ಫೋನು ಕಿಸೆಗೆ ಹಾಕಿಕೊಂಡು ತಲೆ ತಗ್ಗಿಸಿ ಹೋದ.

ಆಪರೇಷನ್ನಿನ ಬೆಳಿಗ್ಗೆ ದವಾಖಾನೆಯಲ್ಲಿ ನಾನೂ ಇದ್ದೆ. ಹಸಿರು ಅಂಗಿ ತೊಡಿಸಿ ಒಳಗೆ ಒಯ್ಯುವ ಮೊದಲು ಅವಳು ಭರಮನ ಕೈ ಹಿಡಿದು ಹತ್ತಿರಕ್ಕೆ ಎಳೆದುಕೊಂಡಳು. ಇನ್ನೊಬ್ಬ ತಾಯಿಯಾಗಿದ್ದರೆ ಚೆನ್ನಾಗಿರು ಮಗನೇ ಅನ್ನುತ್ತಿದ್ದಳು. ಅವಳಿಗೆ ಅಷ್ಟು ಅನ್ನುವ ಪುಣ್ಯವೂ ಇರಲಿಲ್ಲ.

"ಭರಮ್ಯಾ. ಇನ್ನ ಮ್ಯಾಲ ನನ್ನ ಕೇಳದ ಏನೂ ಮಾಡಬ್ಯಾಡ. ನನ್ನ ಬಾಯಿಂದ ಹೂಂ ಅನ್ನೋದು ನಿನ್ನ ಕಿವಿಗೆ ಬೀಳೋತನಕ ಕೈ ಅಲ್ಲಾಡಸಬ್ಯಾಡ. ತಿಳೀತೋ?"

"ತಿಳೀತವ್ವ."

ಅದೇ ಅವಳ ಕೊನೆಯ ಮಾತು. ನಾನು ಪಕ್ಕದಲ್ಲೇ ನಿಂತಿದ್ದೆ, ನನಗೂ ಹೊಳೆಯಲಿಲ್ಲ.

ಬಾಳವ್ವ ಬದುಕಿದಳು. ಕೊರಳಲ್ಲಿ ಒಂದು ತೂತು, ಅದರಿಂದಲೇ ಉಸಿರು. ದಿನಾ ಸಂಜೆ ನಾನು ಹೋಗಿ ನನ್ನ ಫೋನಿನ ಆಪಿನಲ್ಲಿ ಅವಳ ಪದ ಹಚ್ಚುತ್ತಿದ್ದೆ. ತನ್ನ ದನಿ ತಾನು ಕೇಳುತ್ತಾ, ಬಾಯಿ ಆಡಿಸುತ್ತಾ ಕೂರುತ್ತಿದ್ದಳು. ಭರಮ ಅವ್ವನ ಹೂಂ ಇಲ್ಲದೆ ಮನೆಯಲ್ಲಿ ಲೋಟವನ್ನೂ ಎತ್ತುತ್ತಿರಲಿಲ್ಲ. ಹಸಿವಾದರೆ ನಮ್ಮ ಮನೆಗೆ ಬಂದು ಉಣ್ಣುತ್ತಿದ್ದ, ನಮ್ಮ ಮನೆಯ ಊಟಕ್ಕೆ ನನ್ನ ಹೂಂ ಸಾಕಾಗುತ್ತಿತ್ತು. ನಾವು ಅದನ್ನೂ ನಗೆಯಾಡಿದೆವು.

ಶ್ರಾವಣದಲ್ಲಿ ಭರಮನ ಫೋನಿಗೆ ಕಂಪನಿಯ ಸಂದೇಶ ಬಂತು. ಪದ ಇಟ್ಟುಕೊಳ್ಳಲು ವರ್ಷಕ್ಕೊಮ್ಮೆ ಬಾಡಿಗೆ ಕಟ್ಟಬೇಕಂತೆ. ಮೊದಲ ವರ್ಷದ್ದು ರಾಜೇಸಾಬ ತಾನೇ ಕಟ್ಟಿದ್ದ, ಯಾರಿಗೂ ಹೇಳಿರಲಿಲ್ಲ. ಈಗ ಅವನು ಮಗಳ ಬಾಣಂತನಕ್ಕೆ ಅಂತ ಸೊಲ್ಲಾಪುರಕ್ಕೆ ಹೋಗಿದ್ದ. ಏಳು ದಿನದೊಳಗೆ ಕಟ್ಟದಿದ್ದರೆ ಪದ ತೆಗೆದುಹಾಕುತ್ತೇವೆ ಅಂತ ಬರೆದಿತ್ತು. ಭರಮ ಅವ್ವನ ಮುಂದೆ ಕೂತು ಪೂರಾ ಓದಿ ಹೇಳಿದ.

"ಕಟ್ಟಲೇನವ್ವ?"

ಬಾಳವ್ವ ತಲೆಯಾಡಿಸಿದಳು.

"ತಲಿ ಆಡಸಿದರ ಆಗಂಗಿಲ್ಲ. ಬಾಯಿಂದ ಹೂಂ ಅನ್ನು."

ಸೆರಗಿನ ಗಂಟು ಬಿಚ್ಚಿ ಇದ್ದ ದುಡ್ಡೆಲ್ಲ ಅವನ ಕೈಗೆ ತುರುಕಿದಳು. ಅವನು ಮಡಚಿ ಅವಳ ಉಡಿಯಲ್ಲೇ ಇಟ್ಟ. "ಹೂಂ ಅನ್ನು ಅವ್ವ, ಈಗ ಕಟ್ಟತೀನಿ."

ಎರಡನೇ ದಿನ ಅವಳು ಬಾಯಿ ದೊಡ್ಡದು ಮಾಡಿ ತೆರೆದಳು. ಕೊರಳ ತೂತಿನಿಂದ ಗಾಳಿ ಬಂತು, ಅಷ್ಟೇ. ಮೂರನೇ ದಿನ ಅವನ ಕಾಲು ಹಿಡಿದಳು. ಅವನು ಗಾಬರಿಯಾಗಿ ತಾನೂ ಅವಳ ಕಾಲು ಹಿಡಿದ. ನಾಲ್ಕನೇ ದಿನ ನನ್ನನ್ನು ಎಳೆದುಕೊಂಡು ಹೋದಳು.

"ಕಟ್ಟೋ ನಿನ್ನ ಹೊಟ್ಟಿ ಸುಡ್ಲಿ," ಅಂದೆ. "ಆಕಿ ಹೂಂ ಅನ್ನಾಕತ್ತಾಳಲ್ಲೋ."

"ನೀ ಅಂದ್ರ ಆಗಂಗಿಲ್ಲ ಫಕ್ಕೀರವ್ವ. ಆಕಿ ಬಾಯಿಂದ ನನ್ನ ಕಿವಿಗೆ ಬೀಳಬೇಕು."

"ರಾಜೇಸಾಬಗರ ಫೋನು ಹಚ್ಚು."

"ಹಚ್ಚಲೇನವ್ವ?" ಅಂತ ಕೇಳಿದ. ಅವಳು ಜೋರಾಗಿ ತಲೆಯಾಡಿಸಿದಳು. ಹಚ್ಚಲಿಲ್ಲ.

ಫೋನು ಕಸಿದುಕೊಂಡೆ. ಅದು ಗುಟ್ಟಿನ ಅಂಕಿ ಕೇಳಿತು. ಅಂಕಿ ಹೇಳು ಅಂದರೆ, ಅವ್ವ ಹೂಂ ಅನ್ನಲಿ ಅಂದ. ರಾಜೇಸಾಬನ ಅಂಗಡಿಗೆ ಓಡಿದೆ, ಕೀಲಿ ಹಾಕಿತ್ತು. ಅಕ್ಕಪಕ್ಕದ ಅಂಗಡಿಗಳಲ್ಲಿ ಅವನ ನಂಬರು ಕೇಳಿದೆ, ಸಿಕ್ಕಿದ್ದು ಹಳೆಯದು, ಹತ್ತಲಿಲ್ಲ. ಏಳು ದಿನವೂ ಭರಮ ಅವ್ವನ ಬಾಯಿಯ ಹತ್ತಿರ ಕಿವಿ ಇಟ್ಟುಕೊಂಡು ಕೂತಿದ್ದ. ಊಟಕ್ಕೂ ಏಳಲಿಲ್ಲ. ಅಷ್ಟು ಶ್ರದ್ಧೆ.

ಎಂಟನೇ ದಿನದ ಸಂಜೆ ನನ್ನ ಫೋನು ತೆಗೆದು ಬಳೆಯ ಪದ ಒತ್ತಿದೆ. ಈ ಹಾಡು ಲಭ್ಯವಿಲ್ಲ ಅಂತ ಬಂತು. ಬೀಸುವ ಪದ ಒತ್ತಿದೆ, ತೊಟ್ಟಿಲ ಪದ ಒತ್ತಿದೆ. ಎಂಟೂ ಒತ್ತಿದೆ. ಬಾಳವ್ವನಿಗೆ ಓದಲು ಬಾರದು, ಆದರೆ ನನ್ನ ಮುಖ ಓದಿದಳು. ಫೋನು ಇಸಿದುಕೊಂಡು ಕಿವಿಗೆ ಒತ್ತಿ ಹಿಡಿದಳು, ಬಹಳ ಹೊತ್ತು ಹಿಡಿದಳು. ಆಮೇಲೆ ಮಗನ ಕಡೆ ತಿರುಗಿದಳು.

ಭರಮ ಎಂದಿನಂತೆ ಬೈಸಿಕೊಳ್ಳಲು ತಲೆ ತಗ್ಗಿಸಿ ನಿಂತ. ಕಾದ. ಅವ್ವ ಬಾಯಿ ತೆರೆದಳು, ಮುಚ್ಚಿದಳು. ಅವನು ಇನ್ನೂ ಸ್ವಲ್ಪ ಕಾದ. ಆಮೇಲೆ ಮೆಲ್ಲಗೆ ತಲೆ ಎತ್ತಿ ನೋಡಿದ, ನೋಡಿ ಮುಖ ಅರಳಿಸಿದ.

"ಫಕ್ಕೀರವ್ವ," ಅಂದ ನನಗೆ, "ಅವ್ವ ಬೈಲಿಲ್ಲ ನೋಡು. ಈ ಸಲ ಸರಿ ಮಾಡೀನಿ."